ನಡುವಿನ ಬ್ಯಾಗು

ಶನಿವಾರ, ೨೨ ನವೆಂಬರ್. ಫರೀದಾಬಾದ್.

ಮಾನ್ಯಾಳ ಮುಖ ಕಣ್ಣ ಮುಂದಿನಿಂದ ಸರಿಯುತ್ತಲೇ ಇಲ್ಲ.

ಬೇಸಿಗೆಯಲ್ಲಿ ಮೊಹಲ್ಲಾಗಳ ನಡುವೆ ಗಲಾಟೆಯಾದ ಮೇಲೆ, ನನ್ನ ಐದನೇ ಕ್ಲಾಸಿನಲ್ಲಿ ಹಿಂದೂ, ಮುಸ್ಲಿಂ ಮಕ್ಕಳನ್ನು ಬೆರೆಸಿ ಕೂರಿಸಿದವಳು ನಾನೇ. ಮಾನ್ಯಾ, ಝೈನಬ್ ಒಂದೇ ಬೆಂಚು. ಮೊದಮೊದಲು ನಡುವೆ ಬ್ಯಾಗು ಇಟ್ಟುಕೊಂಡು ಕೂರುತ್ತಿದ್ದವರು ಈಗ ಒಂದೇ ಡಬ್ಬಿಯ ಪರಾಠಾ ಹರಿದು ತಿನ್ನುತ್ತಾರೆ. ಸ್ಕೂಲು ಬಿಟ್ಟಾಗ ಗೇಟಿನ ಬಳಿ ಮಾತ್ರ ಒಬ್ಬರನ್ನೊಬ್ಬರು ನೋಡುವುದೂ ಇಲ್ಲ. ಮಕ್ಕಳ ಮುನಿಸು ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು.

ಇವತ್ತು ಪೇರೆಂಟ್ಸ್ ಮೀಟಿಂಗಿನಲ್ಲಿ ಮಾನ್ಯಾಳ ತಾಯಿಯ ಹತ್ತಿರ ಹೆಮ್ಮೆಯಿಂದ ಹೇಳಿಬಿಟ್ಟೆ: "ನಿಮ್ಮ ಮಗಳು ಝೈನಬ್‌ನ ಎಷ್ಟು ಹಚ್ಕೊಂಡಿದಾಳೆ ಗೊತ್ತಾ? ಊಟಾನೂ ಒಟ್ಟಿಗೇ."

ಆಕೆ "ಅಚ್ಛಾ" ಎಂದು ನಕ್ಕು, ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋದರು. ಸೋಮವಾರದಿಂದ ಮಾನ್ಯಾ ಬಿ ಸೆಕ್ಷನ್‌ಗೆ.

ಹೊರಡುವಾಗ ಹುಡುಗಿ ನನ್ನ ದುಪಟ್ಟಾ ಹಿಡಿದೆಳೆದಳು. "ಯಾಕೆ ಹೇಳಿದ್ರಿ ಮ್ಯಾಮ್? ಮಮ್ಮಿಗೆ ಗೊತ್ತಾಗಬಾರದು ಅಂತಾನೇ ಅಲ್ವಾ ನಾವು ಗೇಟ್ ಹತ್ರ ಮಾತಾಡ್ತಿರಲಿಲ್ಲ?"



ಸೋಮವಾರ ಝೈನಬ್ ಪಕ್ಕದಲ್ಲಿ ಬೇರೆ ಯಾರನ್ನಾದರೂ ಕೂರಿಸಬೇಕು. ಅವಳು ಮತ್ತೆ ನಡುವೆ ಬ್ಯಾಗು ಇಟ್ಟುಕೊಂಡರೆ, ತೆಗೆ ಎಂದು ನಾನು ಯಾವ ಬಾಯಿಂದ ಹೇಳಲಿ?