ನೇರಳೆ ಬಣ್ಣದ ಕಟ್ಟಡದಿಂದ ಎಡಕ್ಕೆ

ಅಬ್ಬಾ,

ಮನೆಯಲ್ಲಿ ನಾವು ಆಡುತ್ತಿದ್ದುದು ಉರ್ದು. ಆದರೆ ನೀವು ಓದಲು ಕಲಿತದ್ದು ಕನ್ನಡ ಒಂದೇ, ಅದೂ ಕುಣಿಗಲ್‌ನ ಸರ್ಕಾರಿ ಶಾಲೆಯಲ್ಲಿ. ಅದಕ್ಕೇ ಅಂಗಡಿಯ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಈಗ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಬಾಗಿಲ ಹತ್ತಿರದ ನಿಮ್ಮ ಸ್ಟೂಲಿನ ಮೇಲೆ ಬಿಸಿಲು ಬಂದು ಕೂತಿದೆ. ಕಪಾಟಿನ ಬ್ಲೌಸ್ ಪೀಸುಗಳೆಲ್ಲ ತೂಕಡಿಸುತ್ತಿರುವ ಹಾಗಿವೆ. ಇಂಥ ಹೊತ್ತಲ್ಲಿ ನೀವು ಒಳಗೆ ಬಂದು ಟೇಪು ಕೈಗೆತ್ತಿಕೊಂಡರೂ ನನಗೆ ಆಶ್ಚರ್ಯವಾಗಲಿಕ್ಕಿಲ್ಲ. ಬಂದರೆ ಮೊದಲು ಏನು ಕೇಳುತ್ತೀರಿ, ಟೀ ತಾನೇ?

ಗುಬ್ಬಿಯ ಗಿರಿಜಮ್ಮ ಬಂದಿದ್ದು ನೆನಪಿದೆಯಾ? ಅಕ್ಕತಂಗಿಯರೆಲ್ಲ ಸೇರಿ ಬೆಂಗಳೂರು ನೋಡಲು ಹೊರಟಿದ್ದರು, ಆಕೆಗೆ ಸೀರೆಗೊಂದು ಮ್ಯಾಚಿಂಗ್ ಬ್ಲೌಸ್ ಬೇಕಿತ್ತು. ನೀವು ಬಟ್ಟೆ ಕತ್ತರಿಸುತ್ತ ಶುರು ಮಾಡಿದಿರಿ. "ಮೊದ್ಲು ಮಾರ್ಕೆಟ್ಟಿಗೆ ಹೋಗಿ ಕಣಮ್ಮ. ಮಹಡಿ ಹತ್ತಿ ಕೆಳಗೆ ಹೂವು ನೋಡಿ. ಆಮೇಲೆ ಚಿಕ್ಕಪೇಟೆ ಕಡೆ ಬನ್ನಿ, ನೇರಳೆ ಬಣ್ಣದ ಕಟ್ಟಡ ಸಿಗತ್ತೆ, ಅಲ್ಲಿಂದ ಎಡಕ್ಕೆ ತಿರುಗಿದ್ರೆ ಗಿಳಿ ಹಸಿರು ಬಾಗಿಲಿನ ಹೋಟ್ಲು. ಖಾಲಿ ದೋಸೆ ತಿನ್ನಿ. ಸಾಗು ಎರಡನೇ ಸಲ ಕೇಳಿ, ಕೊಡ್ತಾರೆ, ನಾಚ್ಕೋಬೇಡಿ. ಹೊತ್ತು ಇಳಿದ್ಮೇಲೆ ಲಾಲ್‌ಬಾಗ್ ಬಂಡೆ ಮೇಲೆ ಹೋಗಿ ಕೂತ್ಕೊಳಿ. ಅಲ್ಲಿ ಏನೂ ಮಾಡ್ಬೇಡಿ, ಸುಮ್ನೆ ಕೂತ್ಕೊಳಿ."

"ಅಲ್ಲ ಭಾಯ್, ಹೋಟ್ಲಿರೋ ರಸ್ತೆ ಹೆಸ್ರೇನು?" ಅಂದರು ಗಿರಿಜಮ್ಮ.

"ಹೆಸ್ರು ಯಾರಿಗ್ ಗೊತ್ತು? ಬಣ್ಣ ಹೇಳಿದೀನಲ್ಲ."

ನಾವೆಲ್ಲ ನಕ್ಕೆವು. ಅಷ್ಟು ವರ್ಷ ಮಾಲು ತರಲು ಹೋಗಿಬಂದ ಊರಿನಲ್ಲಿ ನಿಮಗೆ ಒಂದು ರಸ್ತೆಯ ಹೆಸರೂ ಗೊತ್ತಿರಲಿಲ್ಲ. ಬೋರ್ಡು ಓದುವ ಅಭ್ಯಾಸವೇ ಇಲ್ಲದ ಮನುಷ್ಯ ನೀವು.

ಚಿಕ್ಕವಳಿದ್ದಾಗ ನಿಮ್ಮ ಕೈ ಹಿಡಿದು ಮಾರ್ಕೆಟ್ಟಿನ ಆ ಮಹಡಿಯಲ್ಲಿ ನಾನೂ ನಿಂತಿದ್ದೆ. ಕೆಳಗೆ ಸೇವಂತಿಗೆ, ಚೆಂಡುಹೂವು, ಬುಟ್ಟಿ ಬುಟ್ಟಿ ಗುಲಾಬಿ. ಬಟ್ಟೆ ಆರಿಸುವ ಮೊದಲು ಹೂವು ನೋಡಿದರೆ ಕಣ್ಣು ತೊಳೆದ ಹಾಗಾಗುತ್ತದೆ ಅನ್ನುತ್ತಿದ್ದಿರಿ. "ಹಳದಿ ಅಂದ್ರೆ ಒಂದೇ ಅನ್ಕೊಂಡಿದೀಯಾ ಬೇಟಿ? ನೋಡು, ಎಷ್ಟು ಥರ ಇದೆ." ಆಮೇಲೆ ಚಿಕ್ಕಪೇಟೆಯ ಅಂಗಡಿಗೆ ಹೋಗಿ, ಬಟ್ಟೆಯನ್ನು ಟ್ಯೂಬ್‌ಲೈಟಿನಿಂದ ಬೀದಿಯ ಬಿಸಿಲಿಗೆ ಎಳೆದುಕೊಂಡು ಬಂದು ನೋಡುವುದು. ಒಂದೇ ಒಂದು ಸಲ, ಮೋಡ ಕವಿದ ದಿನ, ಸೋಮಾರಿತನ ಮಾಡಿದಿರಿ. ಒಳಗೇ ನೋಡಿ ರಾಮಾ ಗ್ರೀನ್ ಅಂತ ತಂದ ಇಡೀ ಥಾನು ಬಟ್ಟೆ ಮಾರನೆಯ ದಿನ ನಮ್ಮ ಬಾಗಿಲ ಬೆಳಕಿನಲ್ಲಿ ಅಪ್ಪಟ ನವಿಲು ನೀಲಿ. ಯಾವ ಸೀರೆಗೂ ಹೊಂದಲಿಲ್ಲ ಅದು. ಕೊನೆಗೆ ಅಂಗಡಿಗೂ ಮನೆಗೂ ನಡುವೆ ಪರದೆ ಮಾಡಿ ತೂಗುಹಾಕಿದಿರಿ.

ಆ ಪರದೆಯ ಹಿಂದೆ ಅಕ್ಕಿ ಆರಿಸುತ್ತ ಕೂರುತ್ತಿದ್ದಳು ಅಮ್ಮಿ. ಊರವರಿಗೆಲ್ಲ ನೀವು ಹೇಳಿದ ದಾರಿ ಅವಳಿಗೆ ಬಾಯಿಪಾಠ. ನೀವು ಹೊರಡುವ ಹಿಂದಿನ ಸಂಜೆ "ಈ ಸಲ ನಾನೂ..." ಅಂತ ಶುರು ಮಾಡುತ್ತಿದ್ದಳು. "ಮುಂದಿನ ಸಲ. ಈ ಸಲ ಗಂಟು ಜಾಸ್ತಿ" ಅನ್ನುತ್ತಿದ್ದಿರಿ. ನಿಮ್ಮ ಗಂಟು ಯಾವ ಸಲ ಕಡಿಮೆ ಇತ್ತು ಅಬ್ಬಾ? ಜಗಳ ಆಡಲು ಬರೆಯುತ್ತಿಲ್ಲ. ಆದರೂ ಒಂದು ಸಲ ಕರೆದುಕೊಂಡು ಹೋಗಬಹುದಿತ್ತು.

ನೀವು ಹೋದ ಮೇಲೆ ಅಮ್ಮಿ ಬಣ್ಣ ಬಿಟ್ಟಳು. ಬಿಡು ಅಂತ ನಮ್ಮಲ್ಲಿ ಯಾರೂ ಹೇಳಲಿಲ್ಲ, ತಾನೇ ಬಿಟ್ಟಳು. ಒಂದು ಬಿಳಿ ದುಪಟ್ಟ, ಅದು ಒಗೆಯಲು ಹಾಕಿದರೆ ಇನ್ನೊಂದು ಬಿಳಿ ದುಪಟ್ಟ. ಮನೆಯೊಳಗೇ ಕೂರಬೇಕಾದ ಇದ್ದತ್ತಿನ ತಿಂಗಳುಗಳು ಮುಗಿದ ಮೇಲೂ ಹೊಸ್ತಿಲು ದಾಟಲಿಲ್ಲ. ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಾನು ಅವಳ ಉಸಿರು ನೋಡುತ್ತಿದ್ದೆ. ನಿಮ್ಮ ಹಿಂದೆಯೇ ಹೊರಟುಬಿಡುತ್ತಾಳೆ ಅಂತ ನನಗೆ ನಿಜವಾಗಿಯೂ ಭಯವಾಗಿತ್ತು ಅಬ್ಬಾ.

ರಂಜಾನ್ ಹತ್ತಿರ ಬಂತು, ಅಂಗಡಿಗೆ ಮಾಲು ತರಬೇಕಿತ್ತು. "ಅಮ್ಮಿ, ಒಬ್ಬಳೇ ಹೋಗಿ ಬಣ್ಣ ಆರಿಸೋಕೆ ನಂಗೆ ಧೈರ್ಯ ಇಲ್ಲ, ನೀನೂ ಬಾ" ಅಂದೆ. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಬುರ್ಖಾ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ನವಿಲು ನೀಲಿ ಪರದೆ ಸರಿಸಿ ನಿಂತಿದ್ದಾಳೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಮಂಜು ಹೊಲಗಳ ಮೇಲೆ ಹಾಸಿಕೊಂಡಿತ್ತು. ನೆಲಮಂಗಲ ದಾಟುವವರೆಗೂ ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಮಾರ್ಕೆಟ್ಟಿನ ಮಹಡಿಯಲ್ಲಿ ಕಂಬಿ ಹಿಡಿದು ನಿಂತವಳು ನಿಂತೇ ಇದ್ದಳು. ಕೆಳಗಿನಿಂದ ಗದ್ದಲ, ಹೂವಿನ ಒದ್ದೆ ವಾಸನೆ, ಬಣ್ಣದ ಮೇಲೆ ಬಣ್ಣ. ಅಳುತ್ತಾಳೇನೋ ಅಂದುಕೊಂಡೆ. "ಇಷ್ಟೆಲ್ಲಾ ನೋಡ್ಕೊಂಡ್ ಬಂದು ಮನೇಲಿ ಬಸ್ ಲೇಟು ಅಂತ ಮಾತ್ರ ಹೇಳ್ತಿದ್ರಲ್ಲ ನಿಮ್ಮಬ್ಬ" ಅಂದಳು. ಎಷ್ಟೋ ತಿಂಗಳ ಮೇಲೆ ಅವಳು ನಿಮ್ಮ ಮೇಲೆ ಸಿಡುಕಿದ್ದು ಕೇಳಿ ನನ್ನ ಎದೆ ಹಗುರಾಯಿತು.

ಆಮೇಲೆ ದಾರಿ ತಪ್ಪಿತು. ನೇರಳೆ ಬಣ್ಣದ ಕಟ್ಟಡ ಎಲ್ಲೂ ಇಲ್ಲ. ಹೋದೆವು, ಬಂದೆವು, ಮತ್ತೆ ಹೋದೆವು. ಮೊಬೈಲ್ ತೆಗೆದರೆ ಮ್ಯಾಪಿನಲ್ಲಿ ಏನಂತ ಹುಡುಕಲಿ, ಹೋಟೆಲಿನ ಹೆಸರನ್ನೂ ನೀವು ಹೇಳಿರಲಿಲ್ಲವಲ್ಲ. ಬೀದಿ ಬದಿಯಲ್ಲಿ ಗುಂಡಿ, ಜಿಪ್ಪು ಮಾರುತ್ತಿದ್ದವರನ್ನು ಕೇಳಿದೆ. "ಯಾವ ಕಾಲದ್ದು ಕೇಳ್ತಿದೀರಮ್ಮ? ಬಿಳಿ ಹೊಡ್ಸಿ ಎಷ್ಟೋ ದಿನ ಆಯ್ತು. ಇದೇ, ನಿಮ್ ಹಿಂದೆ ಇರೋದು" ಅಂದರು. ನಾನು ತಿರುಗಿ ನೋಡಿದೆ. ಎಲ್ಲ ಕಟ್ಟಡಗಳ ಹಾಗೆ ಒಂದು ಬಿಳಿ ಕಟ್ಟಡ. ಸುಣ್ಣಬಣ್ಣವನ್ನು ನಂಬಿ ಯಾರಾದರೂ ದಾರಿ ಹೇಳುತ್ತಾರಾ ಅಬ್ಬಾ? ನನಗೆ ಅಲ್ಲೇ ಬೀದಿಯಲ್ಲಿ ಅಳು ಬಂತು. ಅಮ್ಮಿ ಮಾತ್ರ ಗೋಡೆಯ ಹತ್ತಿರ ಹೋದಳು. ಮಳೆನೀರಿನ ಪೈಪಿನ ಹಿಂದೆ ಬ್ರಷ್ಷು ಹೋಗದೆ ಉಳಿದ ಜಾಗ, ಅಂಗೈಯಷ್ಟು ನೇರಳೆ. ಅದರ ಮೇಲೆ ಕೈಯಿಟ್ಟು ನಿಂತಳು. ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು. "ಇದೇ" ಅಂದಳು, "ಇಲ್ಲಿಂದ ಎಡಕ್ಕೆ."

ಹೋಟೆಲಿನ ಗಿಳಿ ಹಸಿರು ಬಾಗಿಲು ಹೋಗಿ ಗಾಜಿನ ಬಾಗಿಲು ಬಂದಿದೆ. ಖಾಲಿ ದೋಸೆ ಮಾತ್ರ ನೀವು ಹೇಳಿದ ಹಾಗೇ ಇದೆ, ಬೆರಳು ತಾಗಿದರೆ ಹರಿಯುವಷ್ಟು ಮೆತ್ತಗೆ. ಅಮ್ಮಿ ತಿಂದಳು. ಪೂರ್ತಿ ತಿಂದಳು. ಮೇಲೆ ಸಪ್ಲೈಯರ್‌ನ ಕರೆದು, "ಇನ್ನೊಂದ್ ಸ್ವಲ್ಪ ಸಾಗು ಕೊಡಪ್ಪ. ಎರಡನೇ ಸಲ ಕೇಳಿದ್ರೆ ಕೊಡ್ತಾರೆ ಅಂತ ನಮ್ಮನೆಯವ್ರು ಹೇಳಿದಾರೆ" ಅಂದಳು. ಅವನು ನಗುತ್ತ ಬಡಿಸಿದ. ನಾನು ತಲೆ ಎತ್ತಲಿಲ್ಲ, ನನ್ನ ತಟ್ಟೆಯನ್ನೇ ನೋಡುತ್ತಿದ್ದೆ.

ಬಟ್ಟೆ ಆರಿಸಿಯಾದ ಮೇಲೆ ಲಾಲ್‌ಬಾಗ್ ಬಂಡೆಗೂ ಹೋದೆವು. ಗಂಟು ಪಕ್ಕದಲ್ಲಿಟ್ಟು, ನೀವು ಹೇಳಿದಂತೆ ಏನೂ ಮಾಡದೆ ಕೂತೆವು. ಕಲ್ಲು ಇನ್ನೂ ಬೆಚ್ಚಗಿತ್ತು, ಊರಿನ ಸದ್ದು ಎಲ್ಲೋ ದೂರ. ಅಮ್ಮಿ ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು. ಅವಳ ಆಚೆ ಪಕ್ಕ ಖಾಲಿ ಇತ್ತು. ಅಲ್ಲಿ ನೀವು ಚಪ್ಪಲಿ ಬಿಚ್ಚಿಟ್ಟು, ಕಾಲು ಚಾಚಿಕೊಂಡು... ಇದ್ದಿರಾ?

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಬೆಳಗಿನ ಹೊತ್ತು ಆ ಸ್ಟೂಲಿನ ಮೇಲೆ ಕೂರುವವಳು ಅಮ್ಮಿ. ದುಪಟ್ಟ ಈಗ ಈರುಳ್ಳಿ ಬಣ್ಣದ್ದು, ತಾನೇ ಬೀದಿಗೆ ಒಯ್ದು ನೋಡಿ ಆರಿಸಿದ್ದು. ಮೊನ್ನೆ ತುಮಕೂರಿನ ಮರಳೂರು ಕಡೆಯವರೊಬ್ಬರು ಬೆಂಗಳೂರಿಗೆ ಹೊರಟಿದ್ದರು. ಅಮ್ಮಿ ಶುರು ಮಾಡಿದಳು: "ಮೊದ್ಲು ಹೂವು ನೋಡಿ. ಆಮೇಲೆ ಬಿಳೀ ಕಟ್ಟಡ, ಪೈಪಿನ ಹಿಂದೆ ಸ್ವಲ್ಪ ನೇರಳೆ ಇದೆ, ಅಲ್ಲಿಂದ ಎಡಕ್ಕೆ..." ರಸ್ತೆ ಹೆಸರು ಅವಳೂ ಹೇಳಲಿಲ್ಲ.

ನೀವು ರಾಮಾ ಗ್ರೀನ್ ಹೊಡೆಸಿದ್ದ ಅಂಗಡಿಯ ಶಟರ್ ತುಕ್ಕು ಹಿಡಿದಿತ್ತು, ಹೋದ ವಾರ ಪೇಂಟ್ ಹೊಡೆಸಿದೆವು. ಬೀದಿಯವರೆಲ್ಲ ಬೂದು ಬಣ್ಣಕ್ಕೆ ಹೋಗಿದ್ದಾರೆ, ನಮಗೂ ಅದೇ ಇರಲಿ ಅಂದೆ. ಅಮ್ಮಿ ಪೇಂಟರ್‌ನ ಕೈಯಿಂದ ಶೇಡ್ ಕಾರ್ಡ್ ಕಿತ್ತುಕೊಂಡು ಬಿಸಿಲಿಗೆ ಹೋದಳು. ಹಿಡಿದು, ತಿರುಗಿಸಿ, ನಿಮ್ಮದೇ ರಾಮಾ ಗ್ರೀನ್ ಮೇಲೆ ಬೆರಳಿಟ್ಟಳು.

"ಯಾಕಮ್ಮ, ಮತ್ತೆ ಅದೇ ಹಳೇ ಬಣ್ಣ?" ಅಂದ ಪೇಂಟರ್.

"ಅದೇ ಇರ್ಲಿ ಕಣಪ್ಪ. ಅವ್ರಿಗೆ ರಸ್ತೆ ಹೆಸ್ರು ಗೊತ್ತಾಗಲ್ಲ."

ನಿಮ್ಮ ಬೇಟಿ,
ಶಾಹೀನ್