ವರ್ಷದ ನೆಂಟರು

ನ್ಯೂ ಬೆಡ್‌ಫರ್ಡ್
ಫೆಬ್ರವರಿ 20, ಗುರುವಾರ

ಮುದ್ದಿನ ಮಗಳು ಲುಸಿಂಡಾಗೆ,

ಮೊನ್ನೆ ಊಟವಾದ ಮೇಲೆ ಕುರ್ಚಿಯಲ್ಲೇ ಕಣ್ಣು ಮುಚ್ಚಿದೆ, ಕೆಟ್ಟ ಕನಸು. ಆಸ್ಪತ್ರೆಯ ಕಾರಿಡಾರಿನಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದೇನೆ. ನೆಲದ ತುಂಬ ಸಮುದ್ರದ ನೀರು. ಚಕ್ರಗಳು ನೆಲ ಬಿಟ್ಟು ಸ್ಟ್ರೆಚರ್ ದೋಣಿಯ ಹಾಗೆ ತೇಲುತ್ತಿದೆ. ಅದರ ಮೇಲೆ ಬಿಳಿ ಕೋಟಿನಲ್ಲಿ ನೀನು. "ಯಾವ ಮಹಡಿಗೆ, ಮಗಳೇ?" ಎಂದರೆ ನಗುತ್ತೀಯೇ ಹೊರತು ಹೇಳುವುದಿಲ್ಲ. ಲಿಫ್ಟಿನೊಳಗೆ ಗುಂಡಿಗಳಿವೆ, ಅಂಕಿಗಳೇ ಇಲ್ಲ. ಎದ್ದಾಗ ಬಂದರಿನಿಂದ ಮಂಜು ಕಿಟಕಿಯವರೆಗೆ ಬಂದು ನಿಂತಿತ್ತು. ಎಚ್ಚರವಾಗಿದ್ದೇನೋ ಇಲ್ಲವೋ ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ.

ನಾನು ಕ್ಷೇಮ, ನನ್ನ ಮಂಡಿನೋವೂ ಕ್ಷೇಮ. ನಿನ್ನ ಕಾಗದಕ್ಕೆ ಉತ್ತರಿಸಲು ಮೂರು ವಾರ ತೆಗೆದುಕೊಂಡೆ, ಬೈಯಬೇಡ. ಫೋನಿನಲ್ಲಿ ನನ್ನ ನಾಲಿಗೆ ಎಲ್ಲದಕ್ಕೂ ಹೂಂ ಎನ್ನುತ್ತದೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಹಸು ಕರೆಯಲು ಹೋದವನಿಗೆ ಬರೆಯುವುದೆಂದರೆ ಒಂದೊಂದು ಸಾಲೂ ಒಂದು ಮೆಟ್ಟಿಲು. ಆದರೂ ಕಾಗದದ ಮೇಲೆ ಸುಳ್ಳು ಹೇಳುವುದು ಕಷ್ಟ.

ನೀನು ಕೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಈಗಿನ ಡಾಕ್ಟರ್ ಓದು ಮುಗಿದ ಮೇಲೆ, ಮುಂದೆ ನಾಲ್ಕು ವರ್ಷ ಸ್ಕ್ಯಾನ್ ಚಿತ್ರಗಳನ್ನು ಓದುವ ವಿದ್ಯೆ. ಅದಕ್ಕೂ ಮೊದಲು ಒಂದು ವರ್ಷ ಎಲ್ಲಾದರೂ ಸಾಮಾನ್ಯ ವೈದ್ಯೆಯಾಗಿ ದುಡಿಯಬೇಕು. ಒಂದು, ನಾನು ಸ್ಟ್ರೆಚರ್ ತಳ್ಳುವ ನಮ್ಮ ಆಸ್ಪತ್ರೆಯ ಮಿಶ್ರ ವರ್ಷ: ಎಲ್ಲ ವಿಭಾಗದಲ್ಲೂ ಸ್ವಲ್ಪ ಸ್ವಲ್ಪ, ಸಂಜೆಗೆ ಮನೆ. ಇನ್ನೊಂದು, ಕ್ಲೀವ್‌ಲ್ಯಾಂಡಿನಲ್ಲಿ ವರ್ಷಪೂರ್ತಿ ವಾರ್ಡಿನದೇ ಕೆಲಸ, ಮೈ ಮುರಿಯುವಷ್ಟು. ಯಾವ ಆಸ್ಪತ್ರೆ ಬೇಕೆಂದು ನೀನು ಕಳಿಸಬೇಕಾದ ಪಟ್ಟಿಯ ಮೊದಲ ಸಾಲಿನಲ್ಲಿ ಯಾವುದನ್ನು ಬರೆಯಲಿ ಎಂದು ನೀನು ಕೇಳಿದೆ. ಫೋನಿನಲ್ಲಿ "ಬಾ ಮಗಳೇ, ಇಲ್ಲಿಗೇ ಬಾ" ಎಂದುಬಿಟ್ಟೆ. ನೀನು ನಮ್ಮದನ್ನೇ ಮೊದಲು ಬರೆದೆ. ಬರುವ ಬುಧವಾರ ಪಟ್ಟಿ ಮುಚ್ಚುತ್ತದೆ. ಆಮೇಲೆ ಬದಲಿಸಲು ಬರುವುದಿಲ್ಲವಂತೆ.

ನಾಲ್ಕನೇ ಮಹಡಿಯ ನರ್ಸ್ ಓದೆಚ್ ಗೊತ್ತಲ್ಲ, ನಿನಗೆ ಜಡೆ ಹಾಕಿದವಳು. ನೀನು ಇಲ್ಲಿಗೆ ಬಂದರೆ ಒಳ್ಳೆಯದೇ ಎಂದು ಅವಳನ್ನು ಕೇಳಿದೆ.

"ಬರ್ಲಿ ಬಿಡೋ ಅಡೆಲೀನೋ! ಮಿಶ್ರ ವರ್ಷದೋರ್ಗೇನು, ಬೇಸಿಗೇಲಿ ಇಲ್ಲಿರೋದಕ್ಕಿಂತ ಬೀಚಲ್ಲಿರೋದೇ ಜಾಸ್ತಿ. ವರ್ಷದ ನೆಂಟ್ರು ಅವ್ರು. ನೆಂಟ್ರಿಗೆ ಪಾತ್ರೆ ತೊಳೀರಿ ಅಂತೀವಾ?"

"ಮತ್ತೆ ಕಲಿಯೋದು?"

"ಅಯ್ಯೋ, ಇಪ್ಪತ್ತೆರಡು ವರ್ಷದಿಂದ ಸ್ಟ್ರೆಚರ್ ತಳ್ತಿದ್ದೀಯ, ನೀನೇನ್ ಕಲ್ತೆ? ಹೋಗು, ಏಳನೇ ನಂಬರ್ ಬೆಡ್‌ನೋರು ಕಾಯ್ತಿದಾರೆ."

ಲಿಫ್ಟಿನಲ್ಲಿ ಡಾಕ್ಟರ್ ವಿಟ್‌ಕಂಬ್ ಸಿಕ್ಕ. ಅವನು ವಾರ್ಡಿನ ಕಷ್ಟದ ವರ್ಷದವನು, ಗೋಡೆಗೆ ಒರಗಿ ನಿಂತೇ ನಿದ್ದೆ ಮಾಡುತ್ತಿದ್ದ. "ಇಷ್ಟು ಕಷ್ಟಪಟ್ಟು ಏನು ಕಲಿತ್ರಿ ಡಾಕ್ಟ್ರೇ?" ಎಂದೆ. ಕಣ್ಣು ತೆರೆಯದೆಯೇ ಹೇಳಿದ: "ರೋಗಿ ನಾನು ಚೆನ್ನಾಗಿದೀನಿ ಅಂದ್ರೆ ನಂಬಬಾರ್ದು ಅಂತ." ಬಾಗಿಲು ತೆರೆಯಿತು, ತಪ್ಪು ಮಹಡಿಯಲ್ಲಿ ಇಳಿದು ಹೋದ. ಬಿಳಿ ಕೋಟು ಬಿಳಿ ಬೆಳಕಿನಲ್ಲಿ ಕರಗಿದ ಹಾಗೆ ಕಂಡಿತು.

ನೀನು ಇಲ್ಲೇ ಇದ್ದರೆ ಹೇಗಿರುತ್ತದೆ ಎಂದು ದಿನಾ ಯೋಚಿಸುತ್ತೇನೆ. ಎಲೆಕೋಸಿನ ಸೂಪು ಇಬ್ಬರಿಗೂ ಆಗುವಷ್ಟು ಮಾಡುತ್ತೇನೆ. ಕಾರಿಡಾರಿನ ಆ ತುದಿಯಿಂದ ನೀನು ಬರುತ್ತೀಯ, ಈ ತುದಿಯಿಂದ ನಾನು. ಯಾರೂ ನೋಡದಾಗ ನೀನು ಮೆಲ್ಲನೆ "ಆಶೀರ್ವಾದ ಮಾಡು, ಪಾಯ್" ಎನ್ನುತ್ತೀಯ, ಅಪ್ಪ ಎನ್ನುವುದನ್ನು ನಮ್ಮ ಮಾತಿನಲ್ಲೇ. ಅಷ್ಟು ಸಾಕು ಎನ್ನಿಸುತ್ತದೆ. ಮರುಕ್ಷಣವೇ ಒಲೆ ಆರಿಸಿ ಈ ಕಾಗದದ ಮುಂದೆ ಕೂರುತ್ತೇನೆ.

ಪವಿತ್ರಾತ್ಮನ ನೆರಳು ನಿನ್ನ ತಲೆಯ ಮೇಲಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಕಿವಿ ಮುಚ್ಚಿಕೊಂಡು ಹೊರಗೆ ಹೋಗು.

ನಿನ್ನ ಪಾಯ್,
ಅಡೆಲೀನೋ

ಮರೆತ ಮಾತು: ಮರೆತದ್ದಲ್ಲ. ಹನ್ನೊಂದು ವರ್ಷದಿಂದ ಮುಚ್ಚಿಟ್ಟದ್ದು. ನಿನ್ನ ಅಮ್ಮ ದೆಯೊಲಿಂಡಾ ಒಂದೇ ನಿಮಿಷದಲ್ಲಿ ಹೋದಳು, ಯಾರ ಕೈಯಲ್ಲೂ ಏನೂ ಇರಲಿಲ್ಲ ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು, ನಲವತ್ತು ನಿಮಿಷ ಇತ್ತು. ಎದೆನೋವೆಂದು ನಮ್ಮ ಆಸ್ಪತ್ರೆಗೇ ಬಂದ ಅವಳನ್ನು ನೋಡಿದವನು ಮಿಶ್ರ ವರ್ಷದ ಹುಡುಗ, ಒಳ್ಳೆಯವನೇ, ಅವನ ವರ್ಷ ಮುಗಿಯಲು ಮೂರು ದಿನ ಇತ್ತು. "ಬರೀ ಗ್ಯಾಸು, ಹೋಗುತ್ತೆ" ಎಂದ. ಅವಳೂ "ನಾನು ಚೆನ್ನಾಗಿದೀನಿ" ಎಂದಳು. ಅವಳ ತುಟಿಯ ಆ ನೀಲಿ ಬಣ್ಣ ನನಗೆ ಗೊತ್ತಿತ್ತು. ಆ ಬಣ್ಣದವರನ್ನು ಎಷ್ಟು ಸಲ ತಳ್ಳಿಕೊಂಡು ಹೋಗಿಲ್ಲ ನಾನು? ದೊಡ್ಡ ಡಾಕ್ಟರ ಕೋಣೆಯ ಮುಂದೆ ಟೋಪಿ ಹಿಡಿದು ನಿಂತೆ. ಒಳಗೆ ದೀಪ ಉರಿಯುತ್ತಿತ್ತು. ಓದಿಲ್ಲದವನು ನಾನು ಹೇಳುವುದೇನು ಎಂದು ಬಾಗಿಲು ತಟ್ಟದೆ ವಾಪಸು ಬಂದೆ.

ಆ ಹುಡುಗನ ಮೇಲಾಗಲಿ, ಆ ವರ್ಷದ ಮೇಲಾಗಲಿ ತಪ್ಪು ಹೊರಿಸುತ್ತಿಲ್ಲ. ಆದರೆ ನೀನು ಆ ಬಣ್ಣವನ್ನು ನೂರು ಸಲ ನೋಡಿ ಕಲಿಯಬೇಕು. ಒಬ್ಬ ಸ್ಟ್ರೆಚರ್ ತಳ್ಳುವವನು ನಿನ್ನ ಬಾಗಿಲವರೆಗೆ ಬಂದು ಹಿಂದಿರುಗುತ್ತಿದ್ದರೆ ಎದ್ದು ಹೋಗಿ ಕರೆ. ನನ್ನ ಒಂಟಿತನಕ್ಕಾಗಿ ನಮ್ಮ ಆಸ್ಪತ್ರೆಯನ್ನು ಮೇಲೆ ಬರೆದಿದ್ದರೆ ಕೆಳಗಿಳಿಸು.

ಇದನ್ನು ಓದಿದ ಕೂಡಲೇ ಆ ಪಟ್ಟಿಯನ್ನು ಇನ್ನೊಮ್ಮೆ ತೆರೆ. ಮೊದಲ ಸಾಲಿನಲ್ಲಿ ಕ್ಲೀವ್‌ಲ್ಯಾಂಡ್ ಇದೆಯೇ? ಬದಲಿಸಿದ ಮೇಲೆ ಖಚಿತಪಡಿಸುವ ಗುಂಡಿಯನ್ನೂ ಒತ್ತಿದೆಯಾ? ಬುಧವಾರದೊಳಗೆ ಮತ್ತೊಂದು ಸಲ ನೋಡಿಬಿಡು.