ನಾಬ್ ಮೇಲಿನ ಟೇಪು

ಸರ್,

ನಮ್ಮ ಲ್ಯಾಬಿನ ಉಂಗುರದಲ್ಲಿ ಇವತ್ತು ಅಲೆ ಕಾಣಿಸಿತು. ಕೂದಲೆಳೆಗಿಂತ ಸಣ್ಣದಾದ ಆ ಅರೆವಾಹಕದ ಉಂಗುರದಲ್ಲಿ ಒಂದೇ ಎಲೆಕ್ಟ್ರಾನ್ ಎರಡೂ ದಾರಿ ಹಿಡಿದು ಹೋಗಿ, ಕೊನೆಗೆ ತನ್ನನ್ನೇ ತಾನು ಕೂಡಿಕೊಂಡಿತು. ಅಯಸ್ಕಾಂತದ ಬಲ ಏರಿಸಿದಂತೆಲ್ಲ ಪರದೆಯ ಮೇಲಿನ ಗೆರೆ ಅಲೆಯಲೆಯಾಗಿ ಏರಿ ಇಳಿಯಿತು.

ಇಷ್ಟು ವರ್ಷ ಅಲೆ ಬಾರದ್ದಕ್ಕೆ ನನ್ನ ಗೈಡಾದ ನೀವು ಬೈದಿದ್ದು ಉಂಗುರ ಕೊರೆದ ನನ್ನ ಕೈಯನ್ನು. ಕರೆಂಟು ಹೆಚ್ಚಾಯಿತೇನೋ ಎಂದಿದ್ದಕ್ಕೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಎಲ್ಲರೆದುರು ನಕ್ಕಿರಿ. ಗೆರೆ ಢಾಳಾಗಿ ಕಾಣಲೆಂದು ಕರೆಂಟನ್ನು ಇನ್ನೂ ಏರಿಸಿ, ಅದನ್ನು ಹೆಚ್ಚು ಕಡಿಮೆ ಮಾಡುವ ನಾಬ್ ಮೇಲೆ "ಮುಟ್ಟಬೇಡಿ" ಎಂದು ಬರೆದ ಟೇಪು ಅಂಟಿಸಿದಿರಿ. ಆ ಕರೆಂಟಿಗೇ ಎಲೆಕ್ಟ್ರಾನುಗಳು ಬಿಸಿಯಾಗಿ ತಾಳ ತಪ್ಪಿ, ಅಲೆ ಅಳಿಸಿಹೋಗುತ್ತಿತ್ತು, ಸರ್.

ನೀವು ತೀರಿಕೊಂಡ ಮೇಲೂ ಆ ಟೇಪು ಕೀಳಲು ಯಾರಿಗೂ ಧೈರ್ಯ ಬರಲಿಲ್ಲ. ಇವತ್ತು ನಾನು ಉಗುರಿನಿಂದ ಕಿತ್ತು, ಕರೆಂಟು ಇಳಿಸಿದೆ. ಅಷ್ಟೇ.

"ಸರ್ ಇದ್ದಿದ್ರೆ ಕುಣಿದಾಡಿಬಿಡ್ತಿದ್ರು, ಅಲ್ವಾ?" ಎಂದಳು ಪಕ್ಕದ ಮೇಜಿನ ಗೆಳತಿ.

"ಅವರಿದ್ದಿದ್ರೆ ಇದು ಬರ್ತಾನೇ ಇರ್ಲಿಲ್ಲ ಕಣೇ" ಎಂದೆ. ಅವಳು ನಗಲಿಲ್ಲ.

ಟೇಪನ್ನು ಕಸದ ಬುಟ್ಟಿಗೆ ಎಸೆಯಲು ಹೋದೆ. ನಿಮ್ಮ ಕೈಬರಹ ಬೆರಳಿಗೆ ಅಂಟಿಕೊಂಡು, ಎಷ್ಟು ಕೊಡವಿದರೂ ಬಿಡಲಿಲ್ಲ.